ಹಾಸನ, ಚಿಕ್ಕಮಗಳೂರಿಂದ ಹೋದ ಸಿಸ್ಟರ್‌ಗಳಿಗೆ: ನೇವಲ್ ರಿಸರ್ವ್‌ನಲ್ಲಿ ಪಾರ್ಟ್‌ಟೈಮ್ ನರ್ಸ್ ಆಗ್ಬೇಕು ಅಂದ್ರೆ

ನಾನು ಹಾಸನದಲ್ಲಿ ನರ್ಸಿಂಗ್ ಪಾಠ ಹೇಳೋಳು. ನಮ್ಮಲ್ಲಿ ಓದಿ ಇಂಗ್ಲೆಂಡ್‌ಗೆ ಹೋದೋರು ಮೊದಲೆಲ್ಲಾ ಇಂಗ್ಲಿಷ್ ಪರೀಕ್ಷೆಗೆ ಐಇಎಲ್‌ಟಿಎಸ್ ಬರೀಬೇಕಾ ಓಇಟಿ ಬರೀಬೇಕಾ ಅಂತ ಮೆಸೇಜ್ ಮಾಡೋರು, ಈಗ ಅಲ್ಲಿ ಸೆಟಲ್ ಆಗಿ ನಾಲ್ಕೈದು ವರ್ಷ ಆದೋರು ಕೇಳೋದೇ ಬೇರೆ, "ಮೇಡಂ, ನಮ್ ವಾರ್ಡಲ್ಲಿ ಒಬ್ರು ತಿಂಗಳಿಗೆ ಒಂದು ವೀಕೆಂಡ್ ನೇವಿಗೆ ಹೋಗ್ತಾರೆ, ಹಡಗಲ್ಲಿ ಡ್ಯೂಟಿ ಮಾಡ್ತಾರಂತೆ, ನಮ್ಮಂಥೋರು ಸೇರಬಹುದಾ?" ಸೇರಬಹುದು, ಆದ್ರೆ ದಾರಿ ಉದ್ದ ಇದೆ, ಮತ್ತೆ ಇದರಲ್ಲಿ ಕಷ್ಟ ಇರೋದು ನರ್ಸಿಂಗ್ ಕೆಲಸದಲ್ಲಿ ಅಲ್ಲ, ಕಾಗದದಲ್ಲಿ ಮತ್ತೆ ರಜೆ ಲೆಕ್ಕದಲ್ಲಿ. ಅದಕ್ಕೇ ಎಲ್ಲಾರ್ಗೂ ಬೇರೆ ಬೇರೆ ವಾಯ್ಸ್ ನೋಟ್ ಕಳಿಸೋದು ಬಿಟ್ಟು ಒಂದೇ ಕಡೆ ಬರೆದಿಡ್ತಾ ಇದೀನಿ.

ಮೊದಲು ಇಲ್ಲೇ ಇರೋರಿಗೆ ಒಂದು ಮಾತು, ಯಾಕಂದ್ರೆ ಫೈನಲ್ ಇಯರ್ ಮಕ್ಕಳೂ ಕೇಳ್ತಾರೆ. ನಮ್ಮ ಇಂಡಿಯನ್ ನೇವಿಯಲ್ಲಿ ವಾರಾಂತ್ಯಕ್ಕೆ ಹೋಗಿ ಬರೋ ಥರದ ಪಾರ್ಟ್‌ಟೈಮ್ ನರ್ಸ್ ಹುದ್ದೆ ಇಲ್ಲ. ನೇವಿ ಆಸ್ಪತ್ರೆಗಳಲ್ಲಿ, ಅಂದ್ರೆ ಮುಂಬೈ ಕೊಲಾಬಾದ ಐಎನ್‌ಎಚ್‌ಎಸ್ ಅಶ್ವಿನಿ, ನಮ್ಮ ಕಾರವಾರದ ಐಎನ್‌ಎಚ್‌ಎಸ್ ಪತಂಜಲಿ, ಇಂಥ ಕಡೆ ಕೆಲಸ ಮಾಡೋದು ಮಿಲಿಟರಿ ನರ್ಸಿಂಗ್ ಸರ್ವೀಸ್‌ನ ಆಫೀಸರ್‌ಗಳು. ಅದು ಫುಲ್‌ಟೈಮ್, ಹೆಣ್ಮಕ್ಕಳಿಗೆ ಮಾತ್ರ, ಲೆಫ್ಟಿನೆಂಟ್ ರ್‍ಯಾಂಕಿಂದ ಶುರು, ಆರ್ಮಿ ನೇವಿ ಏರ್‌ಫೋರ್ಸ್ ಮೂರಕ್ಕೂ ಅದೇ ಸರ್ವೀಸ್. ಪಿಯುಸಿ ಸೈನ್ಸ್ ಮುಗಿಸಿ ನೀಟ್ ಬರೆದೋರು ಬೆಂಗಳೂರಿನ ಏರ್‌ಫೋರ್ಸ್ ಕಮಾಂಡ್ ಹಾಸ್ಪಿಟಲ್ ಥರದ ಮಿಲಿಟರಿ ಕಾಲೇಜಲ್ಲಿ ಬಿಎಸ್ಸಿ ಮಾಡಿ ಬಾಂಡ್ ಮೇಲೆ ಹೋಗಬಹುದು, ಬಿಎಸ್ಸಿ ಆದೋರಿಗೆ ಶಾರ್ಟ್ ಸರ್ವೀಸ್ ಕಮಿಷನ್ ಕರೀತಾರೆ. ಮದುವೆ ಆದ ಕಾರಣಕ್ಕೆ 1988ರಲ್ಲಿ ಕೆಲಸದಿಂದ ತೆಗೆದುಹಾಕಿದ್ದ ಒಬ್ಬ ನರ್ಸಿಂಗ್ ಆಫೀಸರ್‌ಗೆ 60 ಲಕ್ಷ ರೂಪಾಯಿ ಕೊಡಿ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳ್ತಲ್ಲ, ಅದು ಇದೇ ಸರ್ವೀಸ್‌ನ ಕೇಸು. ಪಾರ್ಟ್‌ಟೈಮ್ ಅನ್ನೋ ಕಲ್ಪನೆ ನಮ್ಮಲ್ಲಿ ಟೆರಿಟೋರಿಯಲ್ ಆರ್ಮಿಯಲ್ಲಿ ಇದೆ, ಆದ್ರೆ ಅದು ಭೂಸೇನೆ. ಇಲ್ಲೇ ಇರೋರಿಗೆ ಇಷ್ಟು ಸಾಕು, ಇಲ್ಲಿಂದ ಮುಂದೆ ಬರೆಯೋದು ಬ್ರಿಟನ್‌ನಲ್ಲಿ ಇರೋರಿಗೆ, ಕೊನೆ ಹತ್ರ ಅಮೆರಿಕದ ಬಗ್ಗೆ ಸ್ವಲ್ಪ.

ಇದು ಏನು ಅಂತ ಮೊದಲು ತಿಳ್ಕೊಳ್ಳಿ

ರಾಯಲ್ ನೇವಲ್ ರಿಸರ್ವ್ ಶುರುವಾಗಿದ್ದು 1859ರಲ್ಲಿ, ಆಗ ಅದು ವ್ಯಾಪಾರಿ ಹಡಗಿನ ನಾವಿಕರನ್ನ ಯುದ್ಧ ಬಂದಾಗ ಕರೆಸಿಕೊಳ್ಳೋಕೆ ಮಾಡಿದ್ದ ಪಟ್ಟಿ. ಈಗ ಅದರಲ್ಲಿ ಎಲ್ಲಾ ಕಸುಬಿನೋರೂ ಇದ್ದಾರೆ, ಬೇರೆ ಕಡೆ ನೌಕರಿ ಮಾಡ್ಕೊಂಡೇ ಇದನ್ನೂ ಮಾಡ್ತಾರೆ. ನೇವಿಯ ನರ್ಸ್‌ಗಳದ್ದು ಕ್ವೀನ್ ಅಲೆಕ್ಸಾಂಡ್ರಾಸ್ ರಾಯಲ್ ನೇವಲ್ ನರ್ಸಿಂಗ್ ಸರ್ವೀಸ್ ಅಂತ ಬೇರೆ ಹೆಸರು, ಆ ಹೆಸರು ಬಂದಿದ್ದು 1902ರಲ್ಲಿ, ಅದಕ್ಕೂ ಮುಂಚೆ 1884ರಿಂದಲೇ ನೇವಿ ಆಸ್ಪತ್ರೆಗಳಲ್ಲಿ ಟ್ರೈನಿಂಗ್ ಆದ ಸಿಸ್ಟರ್‌ಗಳು ಇದ್ರು. 1980ರ ದಶಕದಿಂದ ಗಂಡಸರನ್ನೂ ತಗೊಳ್ತಾರೆ, ಹಾಗಾಗಿ ನಮ್ಮ ಬ್ರದರ್‌ಗಳು ಇಲ್ಲಿ ಸಿಗದ ಬಾಗಿಲು ಅಲ್ಲಿ ತಟ್ಟಬಹುದು.

ಒಪ್ಪಂದ ಏನಂದ್ರೆ ವರ್ಷಕ್ಕೆ ಸಾಮಾನ್ಯವಾಗಿ ಕನಿಷ್ಠ 24 ದಿನ. ಅದರಲ್ಲಿ ಸುಮಾರು ಎರಡು ವಾರ ಒಟ್ಟಿಗೆ ಟ್ರೈನಿಂಗ್, ಉಳಿದಿದ್ದು ವೀಕೆಂಡ್‌ಗಳು, ಜೊತೆಗೆ ವಾರದಲ್ಲಿ ಒಂದು ಸಂಜೆ ನಿಮ್ಮ ಊರ ಹತ್ತಿರದ ಯೂನಿಟ್‌ಗೆ ಹೋಗೋದು. ಯೂನಿಟ್ ಅಂದ್ರೆ ಲಂಡನ್‌ನಲ್ಲಿ ಎಚ್‌ಎಂಎಸ್ ಪ್ರೆಸಿಡೆಂಟ್, ಪೋರ್ಟ್ಸ್‌ಮತ್‌ನಲ್ಲಿ ಎಚ್‌ಎಂಎಸ್ ಕಿಂಗ್ ಆಲ್ಫ್ರೆಡ್, ಲಿವರ್‌ಪೂಲ್‌ನಲ್ಲಿ ಎಚ್‌ಎಂಎಸ್ ಈಗ್ಲೆಟ್, ಹೀಗೆ. ಹೆಸರು ಕೇಳಿ ಹಡಗು ಅಂದ್ಕೊಂಡು ಬಂದರು ಹುಡುಕ್ಕೊಂಡು ಹೋಗ್ಬೇಡಿ, ಎಲ್ಲಾ ಬಿಲ್ಡಿಂಗ್‌ಗಳೇ.

ಹೋದ ದಿನಕ್ಕೆ ದಿನದ ಲೆಕ್ಕದಲ್ಲಿ ಸಂಬಳ, ವರ್ಷದ ಟ್ರೈನಿಂಗ್ ಪೂರ್ತಿ ಮಾಡಿದ್ರೆ ಟ್ಯಾಕ್ಸ್ ಇಲ್ಲದ ಬೌಂಟಿ ಅಂತ ಒಂದು ಮೊತ್ತ, ಪೆನ್ಷನ್‌ಗೂ ಸೇರುತ್ತೆ. ಆದ್ರೆ ದುಡ್ಡಿಗೋಸ್ಕರ ಅಂದ್ರೆ ಬೇಡ ಕಣ್ರೀ, ಅಷ್ಟೇ ಗಂಟೆ ಬ್ಯಾಂಕ್ ಶಿಫ್ಟ್ (ಆಸ್ಪತ್ರೆಯಲ್ಲೇ ಎಕ್ಸ್‌ಟ್ರಾ ಡ್ಯೂಟಿ) ಮಾಡಿ ಆರಾಮಾಗಿ ಮನೇಲಿ ಮಲಗಬಹುದು. ಇದಕ್ಕೆ ಹೋಗೋರು ಬೇರೆ ಏನಾದ್ರೂ ಬೇಕು ಅಂತ ಅನ್ನಿಸಿದೋರೇ ಹೋಗ್ಬೇಕು.

ಸ್ಟೆಪ್ 1: ಪಾಸ್‌ಪೋರ್ಟ್, ವೀಸಾ, ಒಸಿಐ. ಇದನ್ನ ಬಗೆಹರಿಸದೆ ಮುಂದಕ್ಕೆ ಹೋಗ್ಲೇಬೇಡಿ

ಎಲ್ಲಾರೂ ಓಡೋದು ಪ್ರಾಕ್ಟೀಸ್ ಮಾಡ್ತೀನಿ ಅಂತ ಶೂ ತಗೊಳ್ತಾರೆ, ಕಾಗದ ನೋಡಲ್ಲ. ಬ್ರಿಟನ್ನಿನ ಸೇನೆಗಳು ಕಾಮನ್‌ವೆಲ್ತ್ ದೇಶದೋರನ್ನ ತಗೊಳ್ಳೋದು ನಿಜ, ಭಾರತ ಕಾಮನ್‌ವೆಲ್ತ್‌ನಲ್ಲಿ ಇದೆ ಅನ್ನೋದೂ ನಿಜ. ಆದ್ರೆ ನೀವು ಹೆಲ್ತ್ ಅಂಡ್ ಕೇರ್ ವೀಸಾದಲ್ಲಿ ಒಬ್ಬ ಸ್ಪಾನ್ಸರ್ ಕೈಕೆಳಗೆ ಇರೋವಾಗ ಇನ್ನೊಂದು ಸೇವೆಗೆ ಸಹಿ ಹಾಕೋಕೆ ಹೋಗೋದು ತಲೆನೋವು ತಂದುಕೊಂಡ ಹಾಗೆ. ನನ್ನ ಸಲಹೆ ಕೇಳಿದ್ರೆ ಐಎಲ್‌ಆರ್ (ಅಲ್ಲೇ ಖಾಯಂ ಆಗಿ ಇರೋಕೆ ಅನುಮತಿ) ಬಂದು ಕೈಯಲ್ಲಿ ಸಿಗೋವರೆಗೂ ಅರ್ಜಿ ಹಾಕ್ಬೇಡಿ. ಐದು ವರ್ಷಕ್ಕೆ ಸಿಗ್ತಿದ್ದ ಐಎಲ್‌ಆರ್‌ನ ಹತ್ತು ವರ್ಷಕ್ಕೆ ತಳ್ಳೋ ಪ್ಲಾನ್ 2025ರಲ್ಲಿ ಅಲ್ಲಿನ ಸರ್ಕಾರ ಹೇಳಿದೆ, ಅದಕ್ಕೇ ಹಳೇ ಬ್ಯಾಚಿನ ಅಕ್ಕ ಹೇಳಿದ್ರು ಅನ್ನೋ ಲೆಕ್ಕ ನಂಬ್ಕೊಳ್ದೆ ನಿಮ್ಮ ವೀಸಾಗೆ ಅನ್ವಯ ಆಗೋ ನಿಯಮ ನೋಡ್ಕೊಳ್ಳಿ.

ಈಗ ಎರಡನೇ ವಿಷಯ, ಇದನ್ನ ಯಾರೂ ಹೇಳಲ್ಲ. ನೀವು ಮುಂದೆ ಬ್ರಿಟಿಷ್ ಪಾಸ್‌ಪೋರ್ಟ್ ತಗೊಂಡ್ರೆ ಭಾರತದ ಪೌರತ್ವ ಅಲ್ಲಿಗೇ ಹೋಗುತ್ತೆ, ಆಮೇಲೆ ಊರಿಗೆ ಓಡಾಡೋಕೆ ಒಸಿಐ ಕಾರ್ಡ್ ಬೇಕು, ಅಂದ್ರೆ ಬೇರೆ ದೇಶದ ಪೌರರಾದ ಭಾರತ ಮೂಲದೋರು ವೀಸಾ ಇಲ್ಲದೆ ಬಂದು ಹೋಗೋಕೆ ಕೊಡೋ ಕಾರ್ಡ್. ಭಾರತ ಸರ್ಕಾರದ ನಿಯಮದಲ್ಲಿ ವಿದೇಶಿ ಮಿಲಿಟರಿಯಲ್ಲಿ ಸೇವೆಯಲ್ಲಿ ಇರೋರಿಗೂ, ಅಲ್ಲಿಂದ ರಿಟೈರ್ ಆದೋರಿಗೂ ಒಸಿಐ ಕೊಡಲ್ಲ. ಒಂದು ಸಲ ಅಲ್ಲ ಎರಡು ಸಲ ಓದಿ. ಹಾಸನದಲ್ಲಿ ಅಪ್ಪ ಅಮ್ಮ ಇದ್ದಾರೆ, ಮೂಡಿಗೆರೆ ಕಡೆ ನಾಲ್ಕೆಕರೆ ಕಾಫಿ ತೋಟ ಇದೆ, ವಯಸ್ಸಾದ ಮೇಲೆ ವಾಪಸ್ ಬಂದು ಇಲ್ಲೇ ಇರ್ತೀನಿ ಅನ್ನೋ ಆಸೆ ಇರೋರಿಗೆ ಇದು ಸಣ್ಣ ವಿಷಯ ಅಲ್ಲ. ತೋಟ ಪಿತ್ರಾರ್ಜಿತವಾಗಿ ಬರೋದಕ್ಕೆ ಅಡ್ಡಿ ಇಲ್ಲ, ಹೊಸದಾಗಿ ಕೃಷಿ ಜಮೀನು, ಪ್ಲಾಂಟೇಷನ್ ಕೊಳ್ಳೋಕೆ ಎನ್‌ಆರ್‌ಐಗೂ ಒಸಿಐಗೂ ಆಗಲ್ಲ ಅದು ಬೇರೆ ಮಾತು, ಆದ್ರೆ ತೋಟ ನೋಡೋಕೆ ಬರೋದಕ್ಕೇ ಪ್ರತಿ ಸಲ ವೀಸಾ ಹಾಕ್ಬೇಕಾದ್ರೆ ಹೇಗಿರುತ್ತೆ ಯೋಚ್ನೆ ಮಾಡಿ.

ಅದಕ್ಕೆ ಮಾಡಬೇಕಾದ್ದು ಇಷ್ಟು. ಲಂಡನ್‌ನ ಭಾರತೀಯ ಹೈಕಮಿಷನ್‌ಗೆ ಇಮೇಲ್ ಹಾಕಿ, ಪಾರ್ಟ್‌ಟೈಮ್ ರಿಸರ್ವ್ ನರ್ಸ್ ಆಗಿ ಸೇರಿದ್ರೆ ನನ್ನ ಒಸಿಐ ಗತಿ ಏನು ಅಂತ ನೇರವಾಗಿ ಕೇಳಿ, ಉತ್ತರ ಬರವಣಿಗೆಯಲ್ಲಿ ಇಟ್ಕೊಳ್ಳಿ. ಫೋನಲ್ಲಿ ಯಾರೋ "ಏನೂ ಆಗಲ್ಲ ಬಿಡಿ" ಅಂದಿದ್ದು ನಾಳೆ ಲೆಕ್ಕಕ್ಕೆ ಬರಲ್ಲ. ಒಸಿಐ ಫಾರ್ಮ್‌ನಲ್ಲಿ ಈ ವಿಷಯ ಮುಚ್ಚಿಟ್ಟು ತುಂಬೋ ಐಡಿಯಾ ಯಾರಾದ್ರೂ ಕೊಟ್ರೆ ಅವರ ಸಹವಾಸ ಬಿಡಿ. ಮತ್ತೆ ಇಲ್ಲಿ ಸರ್ಕಾರಿ ಆಸ್ಪತ್ರೆ ಕೆಲಸಕ್ಕೆ ದೀರ್ಘ ರಜೆ ಹಾಕಿ ಹೋಗಿರೋರು ಇದ್ದರೆ, ಇಲಾಖೆ ಅನುಮತಿ ಇಲ್ಲದೆ ಬೇರೆ ಸೇವೆಗೆ ಸೇರೋ ಹಾಗೇ ಇಲ್ಲ, ಮೊದಲು ಅದನ್ನ ಬಗೆಹರಿಸ್ಕೊಳ್ಳಿ.

ಸ್ಟೆಪ್ 2: ರಿಜಿಸ್ಟ್ರೇಷನ್ ಗಟ್ಟಿ ಇರಲಿ

ಎನ್‌ಎಂಸಿ ಪಿನ್ (ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಕೊಡೋ ರಿಜಿಸ್ಟ್ರೇಷನ್ ನಂಬರ್) ಇಲ್ಲದೆ ರಿಸರ್ವ್ ನರ್ಸ್ ಅನ್ನೋ ಮಾತೇ ಇಲ್ಲ. ಇನ್ನೂ ಊರಲ್ಲೇ ಇದ್ದು ಹೊರಡೋ ತಯಾರಿಯಲ್ಲಿ ಇರೋರಿಗೆ ಚುಟುಕಾಗಿ: ಐಇಎಲ್‌ಟಿಎಸ್‌ನಲ್ಲಿ 7, ರೈಟಿಂಗ್‌ಗೆ 6.5 ಸಾಕು, ಅಥವಾ ಓಇಟಿಯಲ್ಲಿ ಬಿ, ರೈಟಿಂಗ್‌ಗೆ ಸಿ ಪ್ಲಸ್. ಸಿಬಿಟಿ ಅನ್ನೋ ಕಂಪ್ಯೂಟರ್ ಪರೀಕ್ಷೆ ಇಲ್ಲೇ ಬರೀಬಹುದು, ಓಸ್ಕಿ ಅನ್ನೋ ಪ್ರಾಕ್ಟಿಕಲ್ ಪರೀಕ್ಷೆ ಅಲ್ಲಿ ಹೋಗಿ, ಹತ್ತು ಸ್ಟೇಷನ್. ರಾಜೀವ್ ಗಾಂಧಿ ಯೂನಿವರ್ಸಿಟಿ ಟ್ರಾನ್ಸ್‌ಕ್ರಿಪ್ಟ್, ಕರ್ನಾಟಕ ನರ್ಸಿಂಗ್ ಕೌನ್ಸಿಲ್ ವೆರಿಫಿಕೇಷನ್, ಇವೆಲ್ಲಾ ಒಂದಕ್ಕೆ ಎರಡು ಕಾಪಿ ಮಾಡಿಸಿ ಜೊತೇಲಿ ತಗೊಂಡು ಹೋಗಿ, ಆಮೇಲೆ ಅಲ್ಲಿಂದ ಬೆಂಗಳೂರಿಗೆ ಯಾರನ್ನೋ ಓಡಾಡಿಸೋದು ತಪ್ಪುತ್ತೆ.

ಈಗಾಗಲೇ ಪಿನ್ ಇರೋರಿಗೆ ಒಂದು ಲಾಭದ ವಿಷಯ ಇದೆ, ಮೂರು ವರ್ಷಕ್ಕೊಮ್ಮೆ ರಿವ್ಯಾಲಿಡೇಷನ್‌ಗೆ (ಪಿನ್ ನವೀಕರಣಕ್ಕೆ) 450 ಗಂಟೆ ಪ್ರಾಕ್ಟೀಸ್, 35 ಗಂಟೆ ಸಿಪಿಡಿ (ಕೆಲಸಕ್ಕೆ ಬೇಕಾದ ಹೊಸ ಕಲಿಕೆ) ತೋರಿಸಬೇಕಲ್ಲ, ರಿಸರ್ವ್‌ನಲ್ಲಿ ಮಾಡೋ ಟ್ರಾಮಾ ಕೋರ್ಸ್ ಥರದವು ನಿಮ್ಮ ನರ್ಸಿಂಗ್ ಕೆಲಸಕ್ಕೆ ಸಂಬಂಧ ಪಟ್ಟಿದ್ರೆ ಸಿಪಿಡಿಗೆ ಬರೆದುಕೊಳ್ಳಬಹುದು. ಎಮರ್ಜೆನ್ಸಿ, ಐಸಿಯು, ಓಟಿ ಅನುಭವ ಇರೋರಿಗೆ ಬೇಡಿಕೆ ಇರುತ್ತೆ, ಹಡಗಲ್ಲಿ ಗಾಯಾಳುನ ಎತ್ತಿಕೊಂಡು ಬಂದಾಗ ಬೇಕಾಗೋದು ಇದೇ ಮೂರು. ಬರೀ ಒಪಿಡಿಯಲ್ಲಿ ಇದ್ದೋರು ಮೊದಲು ಒಂದೆರಡು ವರ್ಷ ಅಕ್ಯೂಟ್ ವಾರ್ಡ್‌ಗೆ ಹಾಕಿಸ್ಕೊಳ್ಳಿ.

ಸ್ಟೆಪ್ 3: ವಾರ್ಡ್ ಮ್ಯಾನೇಜರ್ ಜೊತೆ ಮಾತು, ರಜೆ ಲೆಕ್ಕ

ಅಪ್ಲಿಕೇಷನ್ ಹಾಕಿದ ಮೇಲೆ ಹೇಳೋಣ ಅನ್ಬೇಡಿ, ಮೊದಲೇ ಹೇಳಿ. ನೀವು ಸೇರಿದ ಮೇಲೆ ಡಿಫೆನ್ಸ್ ಕಡೆಯಿಂದ ನಿಮ್ಮ ಎಂಪ್ಲಾಯರ್‌ಗೆ ಕಾಗದ ಹೋಗುತ್ತೆ, ಅದು ಹೋಗೋ ಮುಂಚೆ ನಿಮ್ಮ ಬಾಯಿಂದ ಗೊತ್ತಾಗಿರೋದು ಒಳ್ಳೇದು. ಬಹಳಷ್ಟು ಎನ್‌ಎಚ್‌ಎಸ್ ಟ್ರಸ್ಟ್‌ಗಳಲ್ಲಿ (ಅಲ್ಲಿನ ಸರ್ಕಾರಿ ಆಸ್ಪತ್ರೆ ನಡೆಸೋ ಸಂಸ್ಥೆಗಳಲ್ಲಿ) ರಿಸರ್ವಿಸ್ಟ್ ಪಾಲಿಸಿ ಅಂತಲೇ ಇರುತ್ತೆ, ವರ್ಷದ ಎರಡು ವಾರದ ಟ್ರೈನಿಂಗ್‌ಗೆ ಸಂಬಳದ ಸಮೇತ ಸ್ಪೆಷಲ್ ರಜೆ ಕೊಡೋ ಟ್ರಸ್ಟ್‌ಗಳೂ ಇವೆ. ನಿಮ್ಮ ಟ್ರಸ್ಟ್‌ಗೆ ಡಿಫೆನ್ಸ್ ಎಂಪ್ಲಾಯರ್ ರೆಕಗ್ನಿಷನ್ ಸ್ಕೀಮಲ್ಲಿ ಬ್ರಾಂಜ್, ಸಿಲ್ವರ್, ಗೋಲ್ಡ್ ಯಾವುದಿದೆ ನೋಡಿ, ಗೋಲ್ಡ್ ಇದ್ದಲ್ಲಿ ಮಾತಾಡೋದು ಸುಲಭ. ಪ್ರೈವೇಟ್ ಕೇರ್ ಹೋಮಲ್ಲಿ ಇರೋರಿಗೆ ಈ ಸೌಕರ್ಯ ಸಿಗೋದು ಕಷ್ಟ.

ಪಾಲಿಸಿಯ ಪ್ರಿಂಟ್ ತಗೊಂಡು ಕೂತು ಲೆಕ್ಕ ಹಾಕಿ. ಎನ್‌ಎಚ್‌ಎಸ್‌ನಲ್ಲಿ ಶುರುವಿನಲ್ಲಿ 27 ದಿನ ರಜೆ, ಐದು ವರ್ಷಕ್ಕೆ 29, ಹತ್ತು ವರ್ಷಕ್ಕೆ 33, ಬ್ಯಾಂಕ್ ಹಾಲಿಡೇ ಬೇರೆ. ಸ್ಪೆಷಲ್ ರಜೆ ಸಿಗದಿದ್ರೆ ಆ ಎರಡು ವಾರ ಹೋಗೋದು ಇದರಲ್ಲೇ. ನೀವು ಊರಿಗೆ ಬರೋದು ಮೂರು ವಾರಕ್ಕೆ, ಅದೂ ಆಶ್ವಯುಜದಲ್ಲಿ ಹಾಸನಾಂಬೆ ಬಾಗಿಲು ತೆಗೆದಾಗ ಬರ್ಬೇಕು, ಇಲ್ಲ ತಂಗಿ ಮದುವೆಗೆ ಬರ್ಬೇಕು, ಇಲ್ಲ ಕಾಫಿ ಕುಯ್ಲಿನ ಟೈಮಲ್ಲಿ ಅಪ್ಪನಿಗೆ ಆಳು ಸಿಗ್ತಿಲ್ಲ ಅಂತ ಬರ್ಬೇಕು. ಮೊದಲ ವರ್ಷ ಟ್ರೈನಿಂಗ್ ಜಾಸ್ತಿ ಇರೋದ್ರಿಂದ ಊರಿಗೆ ಬರೋದು ಒಂದು ವರ್ಷ ಮುಂದಕ್ಕೆ ಹೋಗಬಹುದು ಅಂತ ಮನೇಲಿ ಈಗಲೇ ಹೇಳಿಡಿ. ಯೂನಿಟ್‌ನ ವಾರಕ್ಕೊಂದು ಸಂಜೆ ಕ್ಲಾಸ್ ಯಾವ ದಿನ ಬೀಳುತ್ತೋ ಆ ದಿನ ನೈಟ್ ಡ್ಯೂಟಿ ಬೀಳದ ಹಾಗೆ ರೋಟಾ ಹಾಕಿಸ್ಕೊಳ್ಳೋದು ಪ್ರತಿ ತಿಂಗಳ ಕೆಲಸ ಆಗುತ್ತೆ, ಸಹೋದ್ಯೋಗಿಗಳು ಎರಡು ಸಲ ಅಡ್ಜಸ್ಟ್ ಮಾಡ್ಕೊಳ್ತಾರೆ, ಮೂರನೇ ಸಲ ಮುಖ ಸಿಂಡರಿಸ್ತಾರೆ, ನೀವೂ ಅವರ ಕ್ರಿಸ್‌ಮಸ್ ಶಿಫ್ಟ್ ಎತ್ಕೊಳ್ಳಿ, ಸರಿ ಹೋಗುತ್ತೆ.

ಸ್ಟೆಪ್ 4: ಕರೆ ಬಂದ್ರೆ ಏನು

ಇಡೀ ವಿಷಯದ ತಿರುಳು ಇರೋದೇ ಇಲ್ಲಿ, ಬಹಳ ಜನ ಈ ಪುಟ ಓದದೆ ಸಹಿ ಹಾಕ್ತಾರೆ. ರಿಸರ್ವ್ ಅಂದ್ರೆ ಬೇಕಾದಾಗ ಸರ್ಕಾರ ನಿಮ್ಮನ್ನ ಪೂರ್ತಿ ಸೇವೆಗೆ ಕರೆಸಿಕೊಳ್ಳಬಹುದು, ಇದಕ್ಕೆ ಮೊಬಿಲೈಸೇಷನ್ ಅಂತಾರೆ, ರಿಸರ್ವ್ ಫೋರ್ಸಸ್ ಆಕ್ಟ್ 1996 ಅನ್ನೋ ಕಾನೂನಿನ ಕೆಳಗೆ ಬರುತ್ತೆ. ತಿಂಗಳುಗಟ್ಟಲೆ ಹೋಗಬೇಕಾಗಬಹುದು. ಇತ್ತೀಚಿನ ವರ್ಷಗಳಲ್ಲಿ ಬಹಳಷ್ಟು ಸಲ ಒಪ್ಪಿಗೆ ಕೇಳಿ, ಬರೋ ಮನಸ್ಸಿರೋರನ್ನ ಕರ್ಕೊಂಡು ಹೋಗೋ ರೂಢಿ ಇದೆ, ಆದ್ರೆ ಕಾನೂನಲ್ಲಿ ಇರೋದು ಕಡ್ಡಾಯ ಕರೆಯೇ, ರೂಢಿ ನಂಬಿಕೊಂಡು ಸಹಿ ಹಾಕೋದಲ್ಲ. ಮನೆ ಕಷ್ಟ ಇದ್ರೆ ಮುಂದೂಡಿ ಅಂತ ನೀವೂ ಅರ್ಜಿ ಹಾಕಬಹುದು, ಈ ನರ್ಸ್ ಇಲ್ದೆ ನಮ್ಮ ಯೂನಿಟ್ ನಡೆಯಲ್ಲ ಅಂತ ಎಂಪ್ಲಾಯರ್ ಕೂಡ ಹಾಕಬಹುದು. ವಾಪಸ್ ಬಂದಾಗ ನಿಮ್ಮ ಕೆಲಸ ನಿಮಗೆ ಸಿಗಬೇಕು ಅನ್ನೋದಕ್ಕೆ 1985ರ ಕಾನೂನು ಬೇರೆ ಇದೆ.

ಕರೆ ಬಂದ್ರೆ ಎಲ್ಲಿಗೆ? ಒಂದು ಉದಾಹರಣೆ ಸಾಕು. ಆರ್‌ಎಫ್‌ಎ ಆರ್ಗಸ್ ಅಂತ ಒಂದು ಹಡಗಿದೆ, ಹುಟ್ಟಿದ್ದು ಕಂಟೈನರ್ ಹಡಗಾಗಿ, 1982ರ ಫಾಕ್‌ಲ್ಯಾಂಡ್ಸ್ ಯುದ್ಧಕ್ಕೆ ಬಾಡಿಗೆಗೆ ತಗೊಂಡಿದ್ರು, ಆಮೇಲೆ ನೇವಿಯೇ ಕೊಂಡುಕೊಂಡಿತು, ಅದರೊಳಗೆ ಸುಮಾರು ನೂರು ಹಾಸಿಗೆಯ ಆಸ್ಪತ್ರೆ ಮಾಡಿದ್ರು. 2014ರಲ್ಲಿ ಎಬೋಲಾ ಬಂದಾಗ ಅದನ್ನ ಸಿಯೆರಾ ಲಿಯೋನ್‌ಗೆ ಕಳಿಸಿದ್ರು. ಗಮನಿಸಿ, ಆರ್ಗಸ್ ಕಾನೂನಿನ ಪ್ರಕಾರ ಹಾಸ್ಪಿಟಲ್ ಶಿಪ್ ಅಲ್ಲ. 1949ರ ಜಿನೀವಾ ಒಪ್ಪಂದದ ಪ್ರಕಾರ ಹಾಸ್ಪಿಟಲ್ ಶಿಪ್ ಅಂದ್ರೆ ಬಿಳಿ ಬಣ್ಣ ಬಳಿದು ಕೆಂಪು ಕ್ರಾಸ್ ಹಾಕಿರಬೇಕು, ಅದರ ಮೇಲೆ ದಾಳಿ ಮಾಡೋ ಹಾಗಿಲ್ಲ. ಆರ್ಗಸ್ ಬೂದು ಬಣ್ಣದ್ದು, ಅದರಲ್ಲಿ ಬಂದೂಕೂ ಇದೆ, ಹಾಗಾಗಿ ಆ ರಕ್ಷಣೆ ಅದಕ್ಕಿಲ್ಲ. ಅಮ್ಮನ ಹತ್ರ "ಆಸ್ಪತ್ರೆ ಹಡಗಮ್ಮ, ಯಾರೂ ಏನೂ ಮಾಡಲ್ಲ" ಅಂತ ಸಮಾಧಾನ ಹೇಳೋ ಮುಂಚೆ ಇದು ನಿಮಗಾದ್ರೂ ಗೊತ್ತಿರಲಿ.

ಗಂಡ ಹೆಂಡತಿ ಇಬ್ರೂ ನರ್ಸ್, ಇಬ್ರೂ ಶಿಫ್ಟು, ಮನೇಲಿ ಚಿಕ್ಕ ಮಕ್ಕಳು, ಊರಿಂದ ಅತ್ತೆನೋ ಅಮ್ಮನೋ ವಿಸಿಟರ್ ವೀಸಾದಲ್ಲಿ ಆರಾರು ತಿಂಗಳು ಬಂದು ನೋಡ್ಕೊಳ್ತಾ ಇದ್ದಾರೆ, ಇಂಥ ಮನೆ ಆದ್ರೆ ಮಕ್ಕಳು ಸ್ಕೂಲಿಗೆ ಹೋಗೋವರೆಗೂ ತಡೀರಿ ಅಂತಲೇ ನಾನು ಹೇಳೋದು. ರಿಸರ್ವ್ ಎಲ್ಲೂ ಹೋಗಲ್ಲ.

ಸ್ಟೆಪ್ 5: ಮೈ ತಯಾರಿ

ಓಟ 2.4 ಕಿಲೋಮೀಟರ್, ಎಷ್ಟು ನಿಮಿಷ ಅನ್ನೋದು ವಯಸ್ಸು ಮತ್ತೆ ಗಂಡೋ ಹೆಣ್ಣೋ ಅನ್ನೋದರ ಮೇಲೆ. ಸ್ಟೇಡಿಯಂನ 400 ಮೀಟರ್ ಟ್ರ್ಯಾಕಲ್ಲಿ ಆರು ಸುತ್ತು ಅಷ್ಟೇ. ವಾರ್ಡಲ್ಲಿ ಹನ್ನೆರಡು ಗಂಟೆ ನಡೀತೀವಿ ಮೇಡಂ ಅಂತೀರ, ನಡೆಯೋದು ಬೇರೆ ಓಡೋದು ಬೇರೆ. ಮೂರು ತಿಂಗಳು ವಾರಕ್ಕೆ ಮೂರು ಸಲ, ಮೊದಲು ಓಡು ನಡಿ ಓಡು ನಡಿ, ಆಮೇಲೆ ನಿಲ್ಲದೆ. ಶುರು ಮಾಡೋ ಮುಂಚೆ ಹಿಮೋಗ್ಲೋಬಿನ್ನು, ಫೆರಿಟಿನ್ನು, ವಿಟಮಿನ್ ಡಿ ನೋಡಿಸಿ. ನಮ್ಮ ಹೆಣ್ಮಕ್ಕಳು ರೋಗಿಗಳ ರಿಪೋರ್ಟ್ ಎಲ್ಲಾ ನೋಡ್ತಾರೆ, ತಮ್ಮದು ನೋಡಿಸಲ್ಲ, ಉಸಿರು ಕಟ್ಟುತ್ತೆ ಅಂತ ಒಂದೇ ವಾರಕ್ಕೆ ಬಿಟ್ಟುಬಿಡ್ತಾರೆ, ನೋಡಿದ್ರೆ ಹಿಮೋಗ್ಲೋಬಿನ್ ಒಂಬತ್ತು ಇರುತ್ತೆ.

ನಿಜವಾದ ಅಡ್ಡಿ ಈಜು. ಮಲೆನಾಡಲ್ಲಿ ಹುಟ್ಟಿ ಹೊಳೆ ಪಕ್ಕ ಬೆಳೆದ್ರೂ ಹೆಣ್ಮಕ್ಕಳಿಗೆ ಈಜು ಕಲಿಸಲ್ಲ, ಗಂಡು ಹುಡುಗರು ಹೊಳೆಗೆ ಧುಮುಕ್ತಾ ಇದ್ರೆ ನಾವು ದಡದಲ್ಲಿ ಬಟ್ಟೆ ಕಾಯ್ತಾ ಇದ್ವಿ. ನೇವಿ ಈಜು ಪರೀಕ್ಷೆ ಸ್ವಿಮ್ಮಿಂಗ್ ಡ್ರೆಸ್ಸಲ್ಲಿ ಅಲ್ಲ, ಮೈತುಂಬಾ ಓವರಾಲ್ ಹಾಕ್ಕೊಂಡು, ನೀರಲ್ಲಿ ಮುಳುಗದೆ ಕೆಲವು ನಿಮಿಷ ತೇಲಬೇಕು, ಐವತ್ತು ಮೀಟರ್ ಈಜಬೇಕು, ಯಾರ ಸಹಾಯ ಇಲ್ಲದೆ ಮೇಲೆ ಹತ್ತಬೇಕು. ಬಟ್ಟೆ ನೆಂದ ಮೇಲೆ ಭಾರ ಏನು ಅಂತ ಮೊದಲ ದಿನವೇ ಗೊತ್ತಾಗುತ್ತೆ. ಇಂಗ್ಲೆಂಡಲ್ಲಿ ಪ್ರತಿ ಊರಲ್ಲೂ ಕೌನ್ಸಿಲ್‌ನ ಈಜುಕೊಳ ಇದೆ, ದೊಡ್ಡೋರಿಗೆ ಕಲಿಸೋ ಕ್ಲಾಸ್ ಇದೆ, ಹೆಂಗಸರಿಗೆ ಮಾತ್ರ ಅಂತ ಟೈಮ್ ಇಟ್ಟಿರೋ ಕಡೆಯೂ ಇದೆ. ಆರು ತಿಂಗಳು ಮುಂಚೆ ಸೇರಿ. ರಜಕ್ಕೆ ಬಂದಾಗ ಹೇಮಾವತಿ ಹಿನ್ನೀರಲ್ಲಿ, ಭದ್ರಾ ಹೊಳೇಲಿ ಪ್ರಾಕ್ಟೀಸ್ ಮಾಡ್ತೀನಿ ಅಂತ ಮಾತ್ರ ಇಳೀಬೇಡಿ.

ಸಮುದ್ರದಲ್ಲಿ ತಲೆ ಸುತ್ತು, ವಾಂತಿ ಬಗ್ಗೆ ಎಲ್ಲಾರೂ ಕೇಳ್ತಾರೆ. ಚಾರ್ಮಾಡಿ ಘಾಟಿಯಲ್ಲಿ ಬಸ್ಸಲ್ಲಿ ಕೂತಾಗ ಏನಾಗುತ್ತೋ ಅದೇ, ಆದ್ರೆ ಘಾಟಿ ಒಂದು ಗಂಟೆಗೆ ಮುಗಿಯುತ್ತೆ ಇದು ಮುಗಿಯಲ್ಲ. ಮಾತ್ರೆ ಕೊಡ್ತಾರೆ, ಬಹಳ ಜನಕ್ಕೆ ಎರಡು ಮೂರು ದಿನಕ್ಕೆ ಒಗ್ಗುತ್ತೆ, ಅದಕ್ಕೋಸ್ಕರ ಆಸೆ ಬಿಡೋದೇನೂ ಬೇಡ.

ಸ್ಟೆಪ್ 6: ಮೆಡಿಕಲ್, ವೆಟ್ಟಿಂಗ್, ಇಂಟರ್‌ವ್ಯೂ

ಮೆಡಿಕಲ್‌ನಲ್ಲಿ ಚಿಕ್ಕಂದಿನ ಉಬ್ಬಸ, ಫಿಟ್ಸ್, ಬೆನ್ನು ನೋವು ಎಲ್ಲಾ ಕೇಳ್ತಾರೆ, ಮುಚ್ಚಿಡಬೇಡಿ, ಜಿಪಿ (ಫ್ಯಾಮಿಲಿ ಡಾಕ್ಟರ್) ರೆಕಾರ್ಡ್ ತರಿಸ್ತಾರೆ. ಚಿಕ್ಕಂದಿನ ಲಸಿಕೆ ಕಾರ್ಡ್ ನಮ್ಮಲ್ಲಿ ಯಾರ ಹತ್ರ ಇದೆ ಹೇಳಿ, ಅದಕ್ಕೆ ಆಕ್ಯುಪೇಷನಲ್ ಹೆಲ್ತ್‌ನಲ್ಲಿ ಮಾಡಿಸಿದ ಹೆಪಟೈಟಿಸ್ ಬಿ ಟೈಟರ್, ಎಂಎಂಆರ್, ಚಿಕನ್‌ಪಾಕ್ಸ್ ರಿಪೋರ್ಟ್ ತೆಗೆದು ಒಂದು ಫೈಲ್ ಮಾಡಿ.

ಸೆಕ್ಯುರಿಟಿ ವೆಟ್ಟಿಂಗ್, ಅಂದ್ರೆ ನಿಮ್ಮ ಹಿನ್ನೆಲೆ ತಪಾಸಣೆ, ಇನ್ನೊಂದು ದೊಡ್ಡ ತಲೆನೋವು. ಹಿಂದಿನ ವರ್ಷಗಳಲ್ಲಿ ಎಲ್ಲೆಲ್ಲಿ ವಾಸ ಇದ್ರಿ, ಎಷ್ಟು ದಿನ ದೇಶದ ಹೊರಗಿದ್ರಿ, ಅಪ್ಪ ಅಮ್ಮ ಹುಟ್ಟಿದ್ದು ಎಲ್ಲಿ, ಸಾಲ ಎಷ್ಟಿದೆ, ಎಲ್ಲಾ ಕೇಳ್ತಾರೆ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರೇ ಸರ್‌ನೇಮ್, ಮದುವೆ ಆದ ಮೇಲೆ ಗಂಡನ ಹೆಸರು, ನರ್ಸಿಂಗ್ ಕೌನ್ಸಿಲ್ ಸರ್ಟಿಫಿಕೇಟಲ್ಲಿ ಸ್ಪೆಲ್ಲಿಂಗೇ ಬೇರೆ, ಹೀಗೆ ನಾಲ್ಕು ಹೆಸರಿರೋ ಮನುಷ್ಯೆ ಒಬ್ಬಳೇ ಅಂತ ಅವರಿಗೆ ತೋರಿಸ್ಬೇಕು. ಊರಿಗೆ ಬಂದಾಗ ನೋಟರಿ ಹತ್ರ ಅಫಿಡವಿಟ್ ಮಾಡಿಸ್ಕೊಂಡು ಹೋಗಿ, ಹಳ್ಳಿಯಲ್ಲಿ ಹುಟ್ಟಿದೋರು ಜನನ ಪ್ರಮಾಣ ಪತ್ರ ಇಲ್ಲದಿದ್ರೆ ಅದನ್ನೂ ಈಗಲೇ ಶುರು ಮಾಡಿ, ಅದಕ್ಕೆ ತಿಂಗಳುಗಟ್ಟಲೆ ಬೇಕು. ಏಜೆನ್ಸಿಗೆ ಕಟ್ಟೋಕೆ ಮಾಡಿದ ಸಾಲ, ಮನೆ ಕಟ್ಟೋಕೆ ಊರಿಗೆ ಕಳಿಸೋ ದುಡ್ಡು, ಇವೆಲ್ಲಾ ತಪ್ಪಲ್ಲ, ಬ್ಯಾಂಕ್ ಮೂಲಕ ಇದ್ದು ಲೆಕ್ಕ ಸಿಕ್ಕಿದ್ರೆ ಸಾಕು. ಚೀಟಿ ವ್ಯವಹಾರ ಬಾಯಿಮಾತಲ್ಲಿ ನಡೆಸ್ತಾ ಇರೋರು ಸ್ವಲ್ಪ ಸರಿ ಮಾಡ್ಕೊಳ್ಳಿ.

ಇಂಟರ್‌ವ್ಯೂನಲ್ಲಿ ಯಾಕೆ ನೇವಿ, ಯಾಕೆ ಆರ್ಮಿ ರಿಸರ್ವ್ ಅಲ್ಲ ಅಂತ ಖಂಡಿತ ಕೇಳ್ತಾರೆ. ದೇಶಸೇವೆ ಅಂತ ಭಾಷಣ ಬೇಡ, ನಂಬಲ್ಲ. ನಾನು ಎ ಅಂಡ್ ಇಯಲ್ಲಿ (ಎಮರ್ಜೆನ್ಸಿಯಲ್ಲಿ) ಇಷ್ಟು ವರ್ಷ ಇದ್ದೀನಿ, ಸೌಲಭ್ಯ ಕಮ್ಮಿ ಇರೋ ಕಡೆ ಕೆಲಸ ಮಾಡಿ ಗೊತ್ತು ಅಂತ ಹೇಳಿ. ಇದರಲ್ಲಿ ನಮ್ಮೋರಿಗೆ ಒಂದು ಕೈ ಮೇಲೆ. ತಾಲೂಕು ಆಸ್ಪತ್ರೆಯಲ್ಲಿ ಕರೆಂಟ್ ಹೋದಾಗ ಟಾರ್ಚ್ ಹಿಡಿದು ಡೆಲಿವರಿ ಮಾಡಿಸಿದೋರು, ಒಂದೇ ಸಕ್ಷನ್ ಮೆಷಿನ್ ಇಟ್ಕೊಂಡು ಇಡೀ ವಾರ್ಡ್ ನೋಡಿದೋರು ಅದನ್ನ ಹಾಗೇ ಹೇಳಿ. ಶತ್ರು ಸೈನಿಕ ಗಾಯ ಆಗಿ ಬಂದ್ರೆ ಮೊದಲು ಯಾರನ್ನ ನೋಡ್ತೀರ ಅಂತಾನೂ ಕೇಳಬಹುದು. ಉತ್ತರ ಟ್ರಯಾಜ್ ಪ್ರಕಾರ ಅಷ್ಟೇ, ಯಾರಿಗೆ ಜೀವ ಹೋಗೋ ಹಾಗಿದೆಯೋ ಅವರು, ಜಿನೀವಾ ಒಪ್ಪಂದ ಹೇಳೋದೂ ಅದನ್ನೇ.

ಸ್ಟೆಪ್ 7: ಟ್ರೈನಿಂಗ್‌ನಲ್ಲಿ ಏನಿರುತ್ತೆ

ಆಫೀಸರ್ ಆಗಿ ಸೇರೋರಿಗೆ ಡಾರ್ಟ್‌ಮತ್‌ನ ನೇವಲ್ ಕಾಲೇಜು, ರೇಟಿಂಗ್ (ಆಫೀಸರ್ ಅಲ್ಲದ ದರ್ಜೆ) ಆಗಿ ಸೇರೋರಿಗೆ ಕಾರ್ನ್‌ವಾಲ್‌ನ ಎಚ್‌ಎಂಎಸ್ ರ್‍ಯಾಲಿ. ಅಲ್ಲಿ ಮೊದಲು ನೀವು ನರ್ಸ್ ಅಲ್ಲ, ಹೊಸಬರು ಅಷ್ಟೇ. ಬಟ್ಟೆ ಇಸ್ತ್ರಿ ಮಾಡೋದು, ಬೂಟ್ ಪಾಲಿಷ್, ಡ್ರಿಲ್, ಸೆಲ್ಯೂಟ್. ಹದಿನೈದು ವರ್ಷದ ಸೀನಿಯರ್ ಸಿಸ್ಟರ್‌ಗೆ ಇಪ್ಪತ್ತೆರಡರ ಹುಡುಗ ಬಂದು ಬೆಡ್‌ಶೀಟ್ ಸರಿ ಇಲ್ಲ ಅಂದಾಗ ಮೈ ಉರಿಯುತ್ತೆ, ಇಲ್ಲಿ ಫಸ್ಟ್ ಇಯರಲ್ಲಿ ನಮ್ಮ ಕೈಲಿ ಬೆಡ್ ಮೇಕಿಂಗ್‌ಗೆ ಬೈಸಿಕೊಂಡಿದ್ದು ಅಲ್ಲಿ ಉಪಯೋಗಕ್ಕೆ ಬರುತ್ತೆ ಬಿಡಿ.

ಹಡಗಲ್ಲಿ ಬೆಂಕಿ ಬಿದ್ರೆ ಫೈರ್ ಇಂಜಿನ್ ಬರಲ್ಲ, ಅದಕ್ಕೆ ಅಡುಗೆಯೋನಿಂದ ನರ್ಸ್‌ವರೆಗೆ ಎಲ್ಲಾರಿಗೂ ಬೆಂಕಿ ಆರಿಸೋದು, ಒಳಗೆ ನುಗ್ಗೋ ನೀರು ತಡೆಯೋದು, ಲೈಫ್‌ರಾಫ್ಟ್‌ಗೆ ಹಾರೋದು ಕಲಿಸ್ತಾರೆ. ಬಂದೂಕು ಹಿಡಿಯೋದನ್ನೂ ಕಲಿಸ್ತಾರೆ, ಇದನ್ನ ಕೇಳಿ ಗಾಬರಿ ಆಗೋರು ಇದ್ದಾರೆ, ವೈದ್ಯಕೀಯ ಸಿಬ್ಬಂದಿ ತಮ್ಮನ್ನ ಮತ್ತೆ ತಮ್ಮ ರೋಗಿಗಳನ್ನ ಕಾಪಾಡಿಕೊಳ್ಳೋಕೆ ಮಾತ್ರ ಸಣ್ಣ ಆಯುಧ ಇಟ್ಟುಕೊಳ್ಳಬಹುದು ಅಂತ ಜಿನೀವಾ ಒಪ್ಪಂದದಲ್ಲೇ ಇದೆ, ದಾಳಿಗೆ ಅಲ್ಲ.

ಆಮೇಲೆ ನಮ್ಮ ಕೆಲಸ. ಕಡಿದಾದ ಕಬ್ಬಿಣದ ಏಣಿಯಲ್ಲಿ, ಮನುಷ್ಯ ತೂರೋ ಅಷ್ಟೇ ಇರೋ ಕಿಂಡಿಯಲ್ಲಿ ರೋಗಿನ ಇಳಿಸ್ಬೇಕು. ಅದಕ್ಕೆ ನೀಲ್ ರಾಬರ್ಟ್‌ಸನ್ ಸ್ಟ್ರೆಚರ್ ಅಂತ ಇದೆ, ಕ್ಯಾನ್ವಾಸ್ ಬಟ್ಟೆಗೆ ಬಿದಿರು ಪಟ್ಟಿ ಹೊಲಿದು ಮಾಡಿದ್ದು, ರೋಗಿನ ಸುತ್ತ ಬಿಗಿದು ನೆಟ್ಟಗೆ ನಿಲ್ಲಿಸಿಯೇ ಇಳಿಸಬಹುದು, ನೂರು ವರ್ಷಕ್ಕಿಂತ ಹಳೇದು. ಆಕ್ಸಿಜನ್ ಎಷ್ಟಿದೆ, ರಕ್ತ ಎಷ್ಟಿದೆ ಅಂತ ಲೆಕ್ಕ ಇಟ್ಟೇ ಕೆಲಸ. ಬ್ಲಡ್ ಬ್ಯಾಂಕ್ ಖಾಲಿ ಆದ್ರೆ ಹಡಗಿನ ಸಿಬ್ಬಂದಿಯಲ್ಲೇ ಮೊದಲೇ ಟೆಸ್ಟ್ ಮಾಡಿಟ್ಟಿರೋ ದಾನಿಗಳನ್ನ ಕರೆಸಿ ರಕ್ತ ತೆಗೀತಾರೆ. ಡ್ರಿಪ್ ಸ್ಟ್ಯಾಂಡು, ಟ್ರಾಲಿ, ಮಾನಿಟರ್ ಎಲ್ಲಾ ಕಟ್ಟಿ ಹಾಕಿರಬೇಕು, ಇಲ್ದಿದ್ರೆ ಒಂದು ಅಲೆಗೆ ರೋಗಿ ಮೇಲೆ ಬೀಳುತ್ತೆ. ರಿಸರ್ವ್‌ನಲ್ಲಿ ಇರೋ ನಮ್ಮ ಹಳೇ ವಿದ್ಯಾರ್ಥಿನಿ ಒಬ್ರು ಹೇಳೋ ಪ್ರಕಾರ ವಾರ್ಡ್‌ಗೆ ವಾಪಸ್ ಬಂದ ಮೇಲೂ ಕೈ ತಾನಾಗೇ ಟ್ರಾಲಿ ಬ್ರೇಕ್ ಹಾಕುತ್ತಂತೆ, ಅವರ ಮ್ಯಾನೇಜರ್‌ಗೆ ಭಾರೀ ಖುಷಿ.

ಅಮೆರಿಕದಲ್ಲಿ ಇರೋರಿಗೆ

ಅಲ್ಲಿ ನೇವಿ ನರ್ಸ್ ಕೋರ್ 1908ರಲ್ಲಿ ಇಪ್ಪತ್ತು ಜನ ನರ್ಸ್‌ಗಳಿಂದ ಶುರುವಾಗಿದ್ದು, ನೇವಿ ರಿಸರ್ವ್ 1915ರದ್ದು. ರಿಸರ್ವ್ ನರ್ಸ್ ಅಂದ್ರೆ ಆಫೀಸರ್, ಆಫೀಸರ್ ಆಗೋಕೆ ಅಮೆರಿಕನ್ ಪೌರತ್ವ ಬೇಕೇ ಬೇಕು, ಗ್ರೀನ್ ಕಾರ್ಡ್ ಸಾಲಲ್ಲ. ಬಿಎಸ್ಸಿ ಮಟ್ಟದ ಡಿಗ್ರಿ ಬೇಕು, ಜಿಎನ್‌ಎಂ ಡಿಪ್ಲೊಮಾ ಮಾತ್ರ ಇರೋರು ಅಲ್ಲಿ ಓದಿ ಮೇಲೆ ಹೋಗ್ಬೇಕು. ತಿಂಗಳಿಗೆ ಒಂದು ವೀಕೆಂಡ್, ವರ್ಷಕ್ಕೆ ಎರಡು ವಾರ, ಕೆಲಸ ಉಳಿಸೋಕೆ 1994ರ ಯುಸೆರಾ ಕಾನೂನು. ಅವರಿಗೆ ಮರ್ಸಿ, ಕಂಫರ್ಟ್ ಅಂತ ಎರಡು ನಿಜವಾದ ಬಿಳಿ ಆಸ್ಪತ್ರೆ ಹಡಗುಗಳಿವೆ, ಒಂದೊಂದರಲ್ಲಿ ಸಾವಿರ ಹಾಸಿಗೆ, ಹನ್ನೆರಡು ಓಟಿ, 2020ರಲ್ಲಿ ಕೋವಿಡ್ ಬಂದಾಗ ಕಂಫರ್ಟ್ ನ್ಯೂಯಾರ್ಕ್‌ಗೆ ಮರ್ಸಿ ಲಾಸ್ ಏಂಜಲಿಸ್‌ಗೆ ಹೋಗಿತ್ತು. ಒಸಿಐ ವಿಷಯ ಮೇಲೆ ಹೇಳಿದ್ದೇ ಅಲ್ಲೂ ಅನ್ವಯ, ಇನ್ನೂ ಜಾಸ್ತಿ, ಯಾಕಂದ್ರೆ ಅಲ್ಲಿ ಪೌರತ್ವ ಇಲ್ದೆ ಸೇರೋಕೇ ಆಗಲ್ಲ.

ಸಹಿ ಹಾಕೋ ಮುಂಚೆ ಊರ ಕಡೆ ಮಾಡ್ಕೊಳ್ಳಬೇಕಾದ್ದು

ಮನೇಲಿ ಹೇಳದೆ ಸೇರೋರು ಇದ್ದಾರೆ, ಬೇಡ. ಮದುವೆ ಮಾತುಕತೆ ನಡೀತಿದ್ರೆ ಹುಡುಗನ ಕಡೆಯೋರಿಗೂ ಮೊದಲೇ ತಿಳಿಸಿ, ಆಮೇಲೆ "ಮಿಲಿಟರಿ ಅಂತ ಹೇಳ್ಲೇ ಇಲ್ಲ" ಅನ್ನೋ ಮಾತು ಬೇಡ. ವಿಲ್ ಬರೀರಿ ಅಂತ ಸೇನೆಯಲ್ಲಿ ಹೇಳ್ತಾರೆ, ಊರಲ್ಲಿ ಜಮೀನು, ಸೈಟು, ಚಿನ್ನ ಇದ್ರೆ ಅದಕ್ಕೆ ಇಲ್ಲಿನ ವಕೀಲರ ಹತ್ರ ಬೇರೆ ಬರೆಸಿ, ಅಪಶಕುನ ಅಂತ ಅಮ್ಮ ಬೈತಾರೆ, ಬೈಸ್ಕೊಳ್ಳಿ.

ತುರ್ತು ಸಂಪರ್ಕದ ಫಾರ್ಮಲ್ಲಿ ಬರೀ ಅಪ್ಪನ ನಂಬರ್ ಕೊಡಬೇಡಿ. ಪ್ಲಸ್ ನಲವತ್ನಾಲ್ಕರಿಂದ (ಬ್ರಿಟನ್ ಕೋಡ್) ಬರೋ ಕರೆನ ನಮ್ಮ ಊರಲ್ಲಿ ಎಷ್ಟೋ ಜನ ಫ್ರಾಡ್ ಅಂತ ಎತ್ತಲ್ಲ, ಎತ್ತಿದ್ರೂ ಆ ಇಂಗ್ಲಿಷ್ ಅರ್ಥ ಆಗಲ್ಲ. ಅಲ್ಲೇ ಇರೋ, ನಿಮ್ಮ ಮನೆಯೋರ ಜೊತೆ ಕನ್ನಡದಲ್ಲಿ ಮಾತಾಡಬಲ್ಲ ಒಬ್ಬರ ಹೆಸರು ಮೊದಲು ಹಾಕಿ, ಅವರನ್ನ ಕೇಳಿ ಒಪ್ಪಿಸಿ ಹಾಕಿ, ಎರಡನೇದು ಊರಲ್ಲಿ ಫೋನ್ ಎತ್ತೋ ತಮ್ಮನದೋ ತಂಗಿದೋ ಕೊಡಿ, ಮನೆ ಬದಲಾಯಿಸಿದಾಗೆಲ್ಲಾ ಯೂನಿಟ್‌ನಲ್ಲಿ ಆ ಫಾರ್ಮ್ ಅಪ್‌ಡೇಟ್ ಮಾಡಿಸಿ.